ಖಾಲಿ ಬಾವಿಗೂ ಒಂದು ಲೆಕ್ಕ

 

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ರಾದ್ಧಾಂತ ನಡೆಯಿತು. ಐದನೇ ಕ್ಲಾಸಿನ ಮೊಮ್ಮಗ ಕೆಟ್ಟುಹೋದ ಇಯರ್‌ಫೋನನ್ನು ಬಿಚ್ಚಿ, ಅದರೊಳಗಿದ್ದ ಆಯಸ್ಕಾಂತವನ್ನು ಹೊರಗೆ ತೆಗೆದಿದ್ದ. ಅಂಗಿಯ ಗುಂಡಿಗಿಂತ ಚಿಕ್ಕದು. ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿಬಿಟ್ಟ. ಕೀಳಲು ಹೋಗಿ ನನ್ನ ಉಗುರು ಮುರಿಯಿತು!

"ತಾತ, ಇಷ್ಟು ಚಿಕ್ಕದಕ್ಕೆ ಇಷ್ಟು ಬಲ ಎಲ್ಲಿಂದ ಬಂತು?"

"ಅದರಲ್ಲಿ ನಿಯೋಡಿಮಿಯಂ ಅಂತ ಒಂದು ಲೋಹ ಇರುತ್ತೆ ಮರಿ. ನೆಲದಿಂದ ತೆಗೀತಾರೆ."

"ನೆಲದೊಳಗೆ ಇದೆ ಅಂತ ಹೇಗೆ ಗೊತ್ತಾಗುತ್ತೆ? ಮೇಲೆ ಬೋರ್ಡ್ ಹಾಕಿರುತ್ತಾ?"

ಬೋರ್ಡ್ ಹಾಕಿರುವುದಿಲ್ಲ. ಹಾಗಾದರೆ ಹುಡುಕುವವರು ಹೇಗೆ ಹುಡುಕುತ್ತಾರೆ? ಈ ವಾರ ಅದೇ ಕಥೆ. (ಇಂಥ ಪುಟ್ಟ ಆಯಸ್ಕಾಂತಗಳನ್ನು ಮಾತ್ರ ಬಾಯಿಗೆ ಹಾಕಬೇಡಿ. ಎರಡು ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಹಿಡಿದುಕೊಂಡು ಅಂಟುತ್ತವೆ. ತಮ್ಮ-ತಂಗಿಯರ ಕೈಗೂ ಸಿಗದಂತೆ ಇಡಿ.)

ನಿಯೋಡಿಮಿಯಂ ಒಂಟಿಯಲ್ಲ, ಅದು 17 ಧಾತುಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬಕ್ಕೆ 'ರೇರ್ ಅರ್ತ್', ಅಂದರೆ ವಿರಳ ಭೂಧಾತುಗಳು ಎಂದು ಹೆಸರು. ಹೆಸರಿಗೆ ವಿರಳ ಅಷ್ಟೆ. ಇವುಗಳಲ್ಲಿ ಸೀರಿಯಂ ಎಂಬುದು ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಊರೆಲ್ಲ ಚೆಲ್ಲಿದ ಸಾಸಿವೆಯಂತೆ ಎಲ್ಲ ಕಡೆ ಹರಡಿಹೋಗಿದೆ. ಒಂದೇ ಕಡೆ ಬೊಗಸೆ ತುಂಬ ಸಿಗುವ ಜಾಗ ಮಾತ್ರ ವಿರಳ.

ಇವು ಸಿಗುವ ಕಡೆ ಹಲವು ಸಲ ಇನ್ನೊಂದು ಲೋಹವೂ ಸಿಗುತ್ತದೆ. ಅದು ನಿಯೋಬಿಯಂ. ಇದರ ನಾಮಕರಣದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದಿಂದ ಬಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕುಳಿತಿದ್ದ ಒಂದು ಕಪ್ಪು ಕಲ್ಲನ್ನು 1801ರಲ್ಲಿ ಚಾರ್ಲ್ಸ್ ಹ್ಯಾಚೆಟ್ ಎಂಬ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ, ಹೊಸ ಧಾತು ಇದೆ ಎಂದು ಕಂಡುಕೊಂಡು 'ಕೊಲಂಬಿಯಂ' ಎಂದು ಹೆಸರಿಟ್ಟರು. ಅದರ ತದ್ರೂಪಿಯಂಥ ಇನ್ನೊಂದು ಲೋಹವಿತ್ತು, ಟ್ಯಾಂಟಲಂ. ಎರಡೂ ಒಂದೇ ಎಂದು ಎಷ್ಟೋ ಕಾಲ ಗೊಂದಲವಾಯಿತು. 1844ರಲ್ಲಿ ಜರ್ಮನಿಯ ಹೈನ್ರಿಕ್ ರೋಸ್ ಅವೆರಡೂ ಬೇರೆ ಎಂದು ತೋರಿಸಿದರು. ಗ್ರೀಕ್ ಪುರಾಣದ ಟ್ಯಾಂಟಲಸ್ ರಾಜನ ಮಗಳು ನಿಯೋಬೆ. ಅವಳ ಹೆಸರಿನಿಂದ 'ನಿಯೋಬಿಯಂ' ಬಂತು. ಅಲ್ಲಿಂದ ನೂರು ವರ್ಷ ಒಂದೇ ಖಾತೆಗೆ ಎರಡು ಹೆಸರು! 1949ರಲ್ಲಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಭೆ ಸೇರಿ ನಿಯೋಬಿಯಂ ಎಂದು ತೀರ್ಮಾನಿಸಿತು. ನಮ್ಮ ಬ್ಯಾಂಕಿನಲ್ಲಾಗಿದ್ದರೆ ಆಡಿಟರು ಇಷ್ಟು ವರ್ಷ ಬಿಡುತ್ತಿರಲಿಲ್ಲ.

"ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ" ಎನ್ನುತ್ತಾರಲ್ಲ, ಉಕ್ಕಿನ ಅಡುಗೆಗೆ ನಿಯೋಬಿಯಂ ಇಂಗು ಇದ್ದ ಹಾಗೆ. ಒಂದು ಟನ್ ಉಕ್ಕಿಗೆ ಕೆಲವು ನೂರು ಗ್ರಾಂ ಸೇರಿಸಿದರೆ ಸಾಕು, ಉಕ್ಕು ಗಟ್ಟಿಯಾಗುತ್ತದೆ. ಆಗ ಸೇತುವೆಗೆ, ಕಾರಿಗೆ, ಗ್ಯಾಸ್ ಸಾಗಿಸುವ ದೊಡ್ಡ ಕೊಳವೆಗೆ ಕಡಿಮೆ ಉಕ್ಕು ಸಾಕಾಗುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗಿನ ತಂತಿಯಲ್ಲೂ ನಿಯೋಬಿಯಂ ಇದೆ. ಪ್ರಪಂಚದ ಹತ್ತು ಪಾಲು ನಿಯೋಬಿಯಂನಲ್ಲಿ ಸುಮಾರು ಒಂಬತ್ತು ಪಾಲು ಬ್ರೆಜಿಲ್ ದೇಶದ್ದು. ಉಳಿದದ್ದರಲ್ಲಿ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಹೊನೊರೆ ಎಂಬ ಊರಿನ ಗಣಿಯದು. ನಾನು ಹೇಳಹೊರಟದ್ದು ಈ ಊರಿನ ಕಥೆ.

ಐವತ್ತು ಕೋಟಿ ವರ್ಷಕ್ಕೂ ಹಿಂದೆ, ಅಲ್ಲಿ ನೆಲದಾಳದಿಂದ ಒಂದು ವಿಚಿತ್ರ ಶಿಲಾರಸ ಮೇಲಕ್ಕೆ ನುಗ್ಗಿ ಬಂದು ಗಟ್ಟಿಯಾಯಿತು. ಅದರ ಹೆಸರು ಕಾರ್ಬೊನಟೈಟ್. ಸಾಮಾನ್ಯ ಲಾವಾ ತಣಿದರೆ ಕರಿಕಲ್ಲಾಗುತ್ತದೆ. ಇದು ತಣಿದರೆ ಸುಣ್ಣದ ಕಲ್ಲಿನ ಅಣ್ಣನಂತೆ ಕಾಣುತ್ತದೆ. ಇಂಥ ಲಾವಾ ಇವತ್ತಿಗೂ ಉಕ್ಕುವ ಜ್ವಾಲಾಮುಖಿ ಪ್ರಪಂಚದಲ್ಲಿ ಒಂದೇ ಒಂದು, ಆಫ್ರಿಕಾದ ಟಾಂಜಾನಿಯಾದಲ್ಲಿದೆ. ನಮ್ಮ ದೇಶದಲ್ಲೂ ಹಳೆಯ ಕಾರ್ಬೊನಟೈಟ್ ಇದೆ, ಗುಜರಾತಿನ ಅಂಬಾಡುಂಗರ್‌ನಲ್ಲಿ. ನಿಯೋಬಿಯಂ ಮತ್ತು ವಿರಳ ಧಾತುಗಳಿಗೆ ಈ ಕಲ್ಲೆಂದರೆ ಬಹಳ ಪ್ರೀತಿ. ಆದ್ದರಿಂದ ಹುಡುಕುವವರು ಮೊದಲು ಈ ಕಲ್ಲನ್ನೇ ಹುಡುಕುತ್ತಾರೆ.

1967ರಲ್ಲಿ ಕ್ವಿಬೆಕ್ ಸರ್ಕಾರದ ಗಣಿ ಶೋಧ ಕಂಪನಿ ಆ ಸೀಮೆಯ ಮೇಲೆ ವಿಮಾನದ ಸಮೀಕ್ಷೆ ನಡೆಸಿತು. ವಿಮಾನದೊಳಗೆ ವಿಕಿರಣ ಅಳೆಯುವ ಯಂತ್ರ. ನಿಯೋಬಿಯಂನ ಅದಿರಿನಲ್ಲಿ ಥೋರಿಯಂ, ಯುರೇನಿಯಂ ಚೂರುಪಾರು ಬೆರೆತಿರುತ್ತದೆ. ಅವು ಸದಾ ಸಣ್ಣಗೆ ವಿಕಿರಣ ಸೂಸುತ್ತವೆ. ನಿಮ್ಮ ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಯಲ್ಲಿ ಹೋಗುವವರ ಮೂಗಿಗೆ ಗೊತ್ತಾಗುತ್ತದಲ್ಲ, ಹಾಗೆ ವಿಮಾನದ ಯಂತ್ರಕ್ಕೆ ನೆಲದ 'ಒಗ್ಗರಣೆ' ತಿಳಿಯಿತು.

ಆದರೆ ವಾಸನೆ ಬಂದ ಮಾತ್ರಕ್ಕೆ ಊಟವಾಯಿತೇ? ಎಷ್ಟಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯಲು ಕೊರೆಯಲೇಬೇಕು.

ನಮ್ಮೂರಿನ ಬೋರ್‌ವೆಲ್ ಲಾರಿ ನೀವು ನೋಡಿದ್ದೀರಿ. ಅದು ಕಲ್ಲನ್ನು ಪುಡಿಮಾಡಿ ಧೂಳು ಎಬ್ಬಿಸುತ್ತದೆ. ಖನಿಜ ಹುಡುಕುವ ಯಂತ್ರ ಬೇರೆ ತರಹ. ಅದರ ಕೊಳವೆಯ ತುದಿಗೆ ವಜ್ರದ ಹರಳು ಕೂಡಿಸಿದ ಬಳೆ ಇರುತ್ತದೆ. ಅದು ತಿರುಗುತ್ತ ಸುತ್ತ ಕೊರೆಯುತ್ತದೆ. ನಡುವಿನ ಕಲ್ಲು ಮುಕ್ಕಾಗದೆ, ಲಟ್ಟಣಿಗೆಯಂಥ ಉದ್ದನೆ ಕಂಬವಾಗಿ ಕೊಳವೆಯೊಳಗೆ ಉಳಿಯುತ್ತದೆ. ಅದನ್ನು ಮೇಲೆತ್ತಿ, ಉದ್ದುದ್ದ ಮನೆಗಳಿರುವ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಇಷ್ಟು ಮೀಟರಿಗೆ ಈ ಕಲ್ಲು ಎಂದು ನಡುನಡುವೆ ಗುರುತಿನ ತುಂಡು ಇಡುತ್ತಾರೆ. ಭೂವಿಜ್ಞಾನಿ ಮೊದಲ ಮೀಟರಿನಿಂದ ಕೊನೆಯ ಮೀಟರಿನವರೆಗೆ ಬಣ್ಣ, ಬಿರುಕು, ಹರಳು ಎಲ್ಲವನ್ನೂ ಬರೆಯುತ್ತಾರೆ.

ಇಲ್ಲಿ ಒಂದು ಮಾತು ಗಮನಿಸಿ. ಏನೂ ಸಿಗದ ತೂತನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾರೆ! 'ಇಲ್ಲಿ ಇಲ್ಲ' ಎಂದು ಖಚಿತವಾದರೆ ಮುಂದಿನ ತೂತು ಎಲ್ಲಿ ಎಂದು ನಿರ್ಧರಿಸುವುದು ಸುಲಭ.

ಆಮೇಲೆ ಆ ಕಲ್ಲಿನ ಕಂಬವನ್ನು ಉದ್ದಕ್ಕೆ ಸೀಳಿ, ಅರ್ಧ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅರ್ಧ ಸಾಕ್ಷಿಗೆ ಪೆಟ್ಟಿಗೆಯಲ್ಲೇ ಇರುತ್ತದೆ. ಕಳಿಸುವ ಚೀಲಗಳ ನಡುವೆ ಏನೂ ಇಲ್ಲದ ಬರಿ ಕಲ್ಲಿನ ಚೀಲವೊಂದು, ಅಂಶ ಎಷ್ಟೆಂದು ಮೊದಲೇ ಗೊತ್ತಿರುವ ಚೀಲವೊಂದು ಗುಟ್ಟಾಗಿ ಸೇರಿಸುತ್ತಾರೆ. ಬರಿ ಕಲ್ಲಿನಲ್ಲಿ ನಿಯೋಬಿಯಂ ಇದೆ ಎಂದು ವರದಿ ಬಂದರೆ ಪ್ರಯೋಗಾಲಯದ ಲೆಕ್ಕ ತಪ್ಪಿದೆ ಎಂದರ್ಥ. ಇದನ್ನು ಓದಿದಾಗ ನನಗೆ ನನ್ನ ಕೌಂಟರ್ ನೆನಪಾಯಿತು. ನಾನು ಬರೆದ ವೋಚರಿಗೆ ಇನ್ನೊಬ್ಬರ ಸಹಿ ಬೀಳದೆ ಹಣ ಹೊರಗೆ ಹೋಗುತ್ತಿರಲಿಲ್ಲ.

ಅಷ್ಟೊಂದು ಅನುಮಾನ ಯಾಕೆ ಅಂತೀರಾ? 1997ರಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿಯ ಬಣ್ಣ ಬಯಲಾಯಿತು. ಇಂಡೋನೇಷ್ಯಾದ ಕಾಡಿನಲ್ಲಿ ಭಾರಿ ಚಿನ್ನ ಇದೆ ಎಂದು ಅದು ಹೇಳಿಕೊಂಡಿತ್ತು. ಕಲ್ಲಿನ ಪುಡಿಗೆ ಹೊರಗಿನ ಚಿನ್ನದ ಚೂರು ಬೆರೆಸಲಾಗಿತ್ತು! ಷೇರು ಕೊಂಡ ಸಾವಿರಾರು ಜನರ ಉಳಿತಾಯ ನೀರುಪಾಲಾಯಿತು. ಅದಾದ ಮೇಲೆ, ಗಣಿ ಶೋಧದ ಅಂಕಿಗಳನ್ನು ಅರ್ಹ ತಜ್ಞರ ಹೊಣೆಯಲ್ಲೇ ಪ್ರಕಟಿಸಬೇಕು ಎಂದು ಕೆನಡಾ 2001ರಲ್ಲಿ ಬಿಗಿ ನಿಯಮ ತಂದಿತು.

ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಉದಾಹರಣೆಯೂ ಇದೆ. ಅಲ್ಲಿ ಮೋಸವೇನೂ ಇರಲಿಲ್ಲ, ಬರೀ ಅಂದಾಜಿನ ಮಾತು. ಅಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ಪತ್ರಿಕೆಗಳಲ್ಲಿ ಬಂತು. ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯ ಆಮೇಲೆ ಕೊಟ್ಟ ಅಂಕಿ 1,600 ಟನ್. ಅಂದಾಜು ಬೇರೆ, ಅಳತೆ ಬೇರೆ.

ಸೇಂಟ್ ಹೊನೊರೆಯಲ್ಲಿ ಅಳೆದಾಗ ನೂರು ಕಿಲೋ ಅದಿರಿನಲ್ಲಿ ಸುಮಾರು ಅರ್ಧ ಕಿಲೋ ನಿಯೋಬಿಯಂ ಆಕ್ಸೈಡ್ ಇತ್ತು. "ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದು ಮೊಮ್ಮಗ ನಕ್ಕ. ಆದರೆ ಆ ಇಲಿಗೆ ಬೆಲೆ ಇದೆ. ವಿಮಾನ ಹಾರಿದ ಒಂಬತ್ತು ವರ್ಷಕ್ಕೆ, 1976ರಲ್ಲಿ, ಅಲ್ಲಿ ನೆಲದಡಿಯ ಗಣಿ ಆರಂಭವಾಯಿತು. ಅದೇ ಕಲ್ಲಿನ ನಡುಭಾಗದಲ್ಲಿ ವಿರಳ ಭೂಧಾತುಗಳೂ ಇವೆ. ಅವುಗಳಿಗೆ ಮಾತ್ರ ಹಾಗೆ ಬೇಗ ಗಣಿಯ ಭಾಗ್ಯ ಬರಲಿಲ್ಲ. ಈ ಕುಟುಂಬದ ಅಣ್ಣತಮ್ಮಂದಿರು ಒಬ್ಬರಂತೆ ಒಬ್ಬರು; ಬೇರ್ಪಡಿಸುವುದು ಬಲು ಕಷ್ಟ, ಬಲು ಖರ್ಚು. ಜೊತೆಗಿರುವ ಥೋರಿಯಂ ಊರಿನ ನೀರಿಗೆ ಸೇರದಂತೆಯೂ ನೋಡಿಕೊಳ್ಳಬೇಕು. ಸಿಕ್ಕಿದ್ದೆಲ್ಲ ಗಣಿಯಾಗುವುದಿಲ್ಲ.

ಈಗ ಅಜ್ಜ-ಅಜ್ಜಿಯರಿಗೆ ಒಂದು ಮನೆಯ ಮಾತು.

1984ರಲ್ಲಿ ನನ್ನ ದೊಡ್ಡಪ್ಪ ಶಿರಾ ಕಡೆಯ ನಮ್ಮ ಹೊಲದಲ್ಲಿ ಬೋರ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಜಾಗ ತೋರಿಸಿದ್ದರು. ನೀರು ಬರಲಿಲ್ಲ. ಸಾಲ ಮಾಡಿ ಇನ್ನೊಂದು ಕೊರೆಸಿದರು, ಅದೂ ಒಣಗು. ಮೂರನೆಯದಕ್ಕೆ ದೊಡ್ಡಮ್ಮನ ನಾಲ್ಕು ಬಳೆ ಹೋದವು. ರಾತ್ರಿಯೆಲ್ಲ ಧೂಳು ಎದ್ದಿತು. ಬೆಳಗಿನ ಜಾವ ದೊಡ್ಡಮ್ಮ ಲಾರಿಯವರಿಗೆ ಕಾಫಿ ಕೊಟ್ಟು, ಏನೂ ಮಾತಾಡದೆ ಒಳಗೆ ಹೋದರು. ಆಮೇಲೆ ಎರಡು ಎಕರೆ ಮಾರಬೇಕಾಯಿತು.

ಮೂರನೆಯ ಬಾವಿ ಇದ್ದದ್ದು ಮೊದಲನೆಯದರಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅದೇ ದಿಬ್ಬದ ಮೇಲೆ. ಮೊದಲನೆಯದರಲ್ಲಿ ಎಷ್ಟು ಅಡಿಗೆ ಬಂಡೆ ಸಿಕ್ಕಿತು ಎಂದು ಯಾರೂ ಬರೆದಿಟ್ಟಿರಲಿಲ್ಲ. ನಾನು ಆಗ ಬ್ಯಾಂಕಿನಲ್ಲಿ ಊರವರ ಪೈಸೆ ಪೈಸೆ ಲೆಡ್ಜರಿಗೆ ಏರಿಸುತ್ತಿದ್ದೆ. ಮನೆಯ ಬಾವಿಯ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಸೋತದ್ದನ್ನು ಯಾರು ಬರೆದಿಡುತ್ತಾರೆ ಅನ್ನಿಸಿತ್ತು. ಆ ಬಳೆಗಳ ನೆನಪು ಇವತ್ತಿಗೂ ಚುಚ್ಚುತ್ತದೆ.

ಹೋದ ವರ್ಷ ದೊಡ್ಡಪ್ಪನ ಮೊಮ್ಮಗ ಫೋನ್ ಮಾಡಿದ. "ಚಿಕ್ಕತಾತ, ಇನ್ನೊಂದು ಬೋರ್ ಹಾಕಿಸೋಣ ಅಂತಿದ್ದೀನಿ." ನಾನು ಬಸ್ಸು ಹತ್ತಿದೆ. ಒಂದು ನೂರು ಪುಟದ ನೋಟ್‌ಬುಕ್ ಹಿಡಿದು ಇಬ್ಬರೂ ಅಕ್ಕಪಕ್ಕದ ಹೊಲಗಳವರನ್ನೆಲ್ಲ ಕೇಳಿದೆವು. ಯಾವ ವರ್ಷ, ಎಷ್ಟು ಅಡಿ, ಎಷ್ಟಕ್ಕೆ ಬಂಡೆ, ನೀರು ಬಂತೋ ಇಲ್ಲವೋ. ಹನ್ನೆರಡು ಬಾವಿಗಳ ಲೆಕ್ಕ ಸಿಕ್ಕಿತು. ದಿಬ್ಬದ ಮೇಲಿನ ಏಳೂ ಖಾಲಿ, ನಮ್ಮ ಮೂರೂ ಸೇರಿ. ಹಳ್ಳದ ಬದಿಯ ಐದರಲ್ಲಿ ನಾಲ್ಕಕ್ಕೆ ನೀರಿತ್ತು. ನಮಗೆ ಉಳಿದಿರುವುದು ದಿಬ್ಬದ ಜಮೀನು ಮಾತ್ರ. ಹುಡುಗ ತುಂಬ ಹೊತ್ತು ಆ ಪುಟ ನೋಡಿ, "ಬೇಡ ಬಿಡಿ ತಾತ" ಎಂದ. ಆ ದುಡ್ಡಿನ ಸ್ವಲ್ಪ ಭಾಗದಲ್ಲಿ ಮಳೆನೀರಿಗೆ ಕೃಷಿ ಹೊಂಡ ತೆಗೆಸಿದ. ಉಳಿದದ್ದು ಉಳಿಯಿತು.

ಕಳೆದುಕೊಳ್ಳದೆ ಉಳಿದ ದುಡ್ಡಿಗೆ ಪಾಸ್‌ಬುಕ್ಕಿನಲ್ಲಿ ಕಾಲಂ ಇಲ್ಲ ಮಕ್ಕಳೇ. ಆದರೆ ಅದೂ ಸಂಪಾದನೆಯೇ. ದೊಡ್ಡಪ್ಪನ ಮೂರು ಖಾಲಿ ಬಾವಿಗಳು ನಲವತ್ತು ವರ್ಷದ ಮೇಲೆ ಅವರ ಮೊಮ್ಮಗನಿಗೆ ಉಪಕಾರ ಮಾಡಿದವು. ದೊಡ್ಡಮ್ಮ ಇದ್ದಿದ್ದರೆ ಆ ಪುಟವನ್ನು ಅವರಿಗೆ ತೋರಿಸುತ್ತಿದ್ದೆ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಊರಿನ, ಬೀದಿಯ ಬಾವಿ ಮತ್ತು ಬೋರ್‌ವೆಲ್‌ಗಳ ಬಗ್ಗೆ ಅಜ್ಜ-ಅಜ್ಜಿಯನ್ನು ಕೇಳಿ ಒಂದು ಪುಟದಲ್ಲಿ ಬರೆಯಿರಿ. ಬತ್ತಿದ್ದನ್ನೂ ಬಿಡಬೇಡಿ. ಬಾಯಿ ತೆರೆದಿರುವ ಒಣ ಬೋರ್‌ವೆಲ್ ಎಲ್ಲಾದರೂ ಇದ್ದರೆ ಹತ್ತಿರ ಹೋಗಬೇಡಿ, ತಕ್ಷಣ ದೊಡ್ಡವರಿಗೆ ಹೇಳಿ ಮುಚ್ಚಳ ಹಾಕಿಸಿ. ಖಾಲಿ ಬಾವಿಗೆ ಲೆಕ್ಕವೂ ಬೇಕು, ಮುಚ್ಚಳವೂ ಬೇಕು.

ಆ ಆಯಸ್ಕಾಂತ ಇನ್ನೂ ನಮ್ಮ ಬೀರುವಿನ ಮೇಲೇ ಇದೆ. ಅದರಡಿಯಲ್ಲಿ ಮೊಮ್ಮಗ ಒಂದು ಚೀಟಿ ಸಿಕ್ಕಿಸಿದ್ದಾನೆ: "ಬಿಚ್ಚಿದ ಇಯರ್‌ಫೋನ್ 1. ರಿಪೇರಿ ಆಗಲಿಲ್ಲ."

ಮುಂದಿನ ವಾರ ಸಿಗೋಣ.