ಭೀಮಸೇನರ ತಂಬೂರಿಗೆ ಯಾವ ಡ್ಯಾಕ್?

ಸೊಲ್ಲಾಪುರ, ಅಕ್ಕಲಕೋಟದ ಕಡೆ ಸಂಗೀತ ಕೇಳುವ ಮನೆಗಳಲ್ಲಿ ಭೀಮಸೇನ ಜೋಶಿಯವರು ಎರಡು ಭಾಷೆಯಲ್ಲಿ ಹಾಡುತ್ತಾರೆ. ಒಂದು ಸೀಡಿಯಲ್ಲಿ ಮರಾಠಿ ಅಭಂಗ, ಇನ್ನೊಂದರಲ್ಲಿ ಕನ್ನಡ ದಾಸರ ಪದ. ತೊಂಬತ್ತರ ದಶಕದಲ್ಲಿ ಕೊಂಡ ಸೀಡಿಗಳು ಕಪಾಟಿನಲ್ಲಿ ಇನ್ನೂ ಇವೆ. ಮಕ್ಕಳು ಅದೇ ಹಾಡನ್ನು ಫೋನಿನಲ್ಲಿ ಹಾಕಿಕೊಳ್ಳುತ್ತಾರೆ. ಎರಡರಲ್ಲೂ ತುಂಬಿರುವುದು ಬರೀ ಅಂಕಿ. ಆ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಒಗ್ಗುವ ವಿದ್ಯುತ್ತಿನ ಏರಿಳಿತವಾಗಿ ಮಾಡಿಕೊಡುವುದು ಡ್ಯಾಕ್. ಸೀಡಿ ಪ್ಲೇಯರ್‌ನ ಒಳಗೂ ಅದು ಇರುತ್ತದೆ, ಬೇರೆ ಡಬ್ಬಿಯಾಗಿಯೂ ಸಿಗುತ್ತದೆ. ಹಳೆಯದನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಹೊಸದನ್ನು ತರುವುದೋ ಎಂದು ಕೇಳಿದರೆ ಎರಡೂ ಕಡೆ ಗಟ್ಟಿ ಕಾರಣಗಳಿವೆ.

ಹಳೆಯದರ ಕಡೆಯವರು ಮೊದಲು ಹೇಳುವ ಹೆಸರು ಫಿಲಿಪ್ಸ್‌ನ ಟಿಡಿಎ1541. 1985ರಲ್ಲಿ ಬಂದ 16 ಬಿಟ್‌ನ ಐಸಿ. ಅದರ ಕೆಲಸ ಸಂತೆಯ ತಕ್ಕಡಿಯ ತೂಕದ ಕಲ್ಲುಗಳ ಹಾಗೆ: ಹದಿನಾರು ಕರೆಂಟುಗಳು, ಒಂದರ ಅರ್ಧ ಇನ್ನೊಂದು; ಬೇಕಾದವನ್ನು ಕೂಡಿಸಿದರೆ 65,536 ಮಟ್ಟಗಳಲ್ಲಿ ಯಾವುದು ಬೇಕೋ ಅದು ಸಿಗುತ್ತದೆ. ದೊಡ್ಡ ಕಲ್ಲಿನ ತೂಕ ಕೊಂಚ ತಪ್ಪಿದರೂ ಆಲಾಪದ ಮೆಲುದನಿಯಲ್ಲಿ ಅದು ಬಯಲಾಗುತ್ತದೆ. ಅದಕ್ಕಾಗಿ ಫಿಲಿಪ್ಸ್‌ನವರು ದೊಡ್ಡ ಬಿಟ್‌ಗಳ ಕರೆಂಟುಗಳನ್ನು ಬಿಡುವಿಲ್ಲದೆ ಅದಲುಬದಲು ಮಾಡಿ ಸರಾಸರಿ ತೆಗೆಯುವ ಉಪಾಯ ಮಾಡಿದರು. ಪ್ಲೇಯರ್‌ನ ಮುಚ್ಚಳ ಬಿಚ್ಚಿದರೆ ಇದನ್ನು ಕಣ್ಣಾರೆ ನೋಡಬಹುದು: 28 ಕಾಲಿನ ಉದ್ದನೆಯ ಐಸಿ, ಅದರ ಮಗ್ಗುಲಲ್ಲೇ ಒತ್ತಾಗಿ ಕೂತ 14 ಪುಟ್ಟ ಕಂಡೆನ್ಸರುಗಳು. ಅದಲುಬದಲಿನಿಂದ ಏಳುವ ತರಂಗವನ್ನು ಹೀರಿಕೊಳ್ಳುವುದು ಅವುಗಳ ಕೆಲಸ. ಇಷ್ಟು ಶ್ರದ್ಧೆಯಿಂದ ಕಟ್ಟಿದ ವಸ್ತುವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಈಗಿನ ಡೆಲ್ಟಾ-ಸಿಗ್ಮಾ ಐಸಿಗಳ ದಾರಿಯೇ ಬೇರೆ. ಕೆಲವೇ ಮಟ್ಟಗಳನ್ನಿಟ್ಟುಕೊಂಡು, ಸೆಕೆಂಡಿಗೆ ಲಕ್ಷಾಂತರ ಸಲ ಅವುಗಳ ನಡುವೆ ಓಡಾಡಿ, ಹುಟ್ಟಿದ ಗದ್ದಲವನ್ನೆಲ್ಲ ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ ಸೋಸಿಬಿಡುತ್ತವೆ. 16 ಬಿಟ್‌ನ ಸೀಡಿಯ ವ್ಯಾಪ್ತಿ ಹೆಚ್ಚುಕಡಿಮೆ 96 ಡೆಸಿಬೆಲ್. ಇಂದಿನ ಒಳ್ಳೆಯ ಡಬ್ಬಿಗಳು 120 ದಾಟುತ್ತವೆ. ಫೋನಿಗೆ ಸಿಕ್ಕಿಸುವ, ಸಾವಿರ ರೂಪಾಯಿ ಆಸುಪಾಸಿನ ಡ್ಯಾಕ್ ಕೂಡ ಸೀಡಿಗೆ ಬೇಕಾದಷ್ಟನ್ನು ಕೊಡಬಲ್ಲದು. ಅಳತೆಯ ಮಾತಿಗೆ ಬಂದರೆ ಹೊಸದು ಗೆದ್ದಿದೆ, ಅದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ಹಳೆಯದು ಮೆತ್ತಗೆ ಕೇಳುತ್ತದೆ ಎನ್ನುವವರ ಮಾತು ಬರೀ ಭ್ರಮೆಯೇ? ಪೂರ್ತಿ ಅಲ್ಲ. 1990ರ ದಶಕದಲ್ಲಿ ಜಪಾನಿನ ರ್‍ಯೋಹೇಯಿ ಕುಸುನೋಕಿ, ಓವರ್‌ಸ್ಯಾಂಪ್ಲಿಂಗ್ (ಅಂಕಿಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಅಂಕಿ ತುಂಬುವುದು) ಬಿಟ್ಟು ಅಂಕಿಗಳನ್ನು ಇದ್ದ ಹಾಗೇ ಹಳೆಯ ಐಸಿಗೆ ಕೊಡಬೇಕೆಂದು ವಾದಿಸಿದ ಮೇಲೆ ಅಂಥ ಡ್ಯಾಕ್‌ಗಳನ್ನು ಕಟ್ಟುವವರು ಎಲ್ಲ ಕಡೆ ಹುಟ್ಟಿಕೊಂಡರು. ಹಾಗೆ ಮಾಡಿದಾಗ 20 ಕಿಲೋಹರ್ಟ್ಜ್ ಹತ್ತಿರ ದನಿ 3 ಡೆಸಿಬೆಲ್‌ನಷ್ಟು ಇಳಿಯುತ್ತದೆ, 10ರ ಬಳಿ ಒಂದಕ್ಕಿಂತ ಕಡಿಮೆ. ತಂಬೂರಿಯ ಜವಾರಿಯ ಅಂಚು ಸ್ವಲ್ಪ ಮೊಂಡಾಗುವುದು ಇದರಿಂದ. ಕೇಳಲು ಹಿತವಾಗಿರಬಹುದು, ಆದರೆ ಸೀಡಿಯಲ್ಲಿದ್ದುದಕ್ಕಿಂತ ಅದು ಕಡಿಮೆ. ಅಂದಹಾಗೆ, ಓವರ್‌ಸ್ಯಾಂಪ್ಲಿಂಗ್ ಹೊಸಬರ ಚಾಳಿಯೇನಲ್ಲ. ಫಿಲಿಪ್ಸ್‌ನ ಮೊದಲ ಪ್ಲೇಯರ್‌ಗಳಲ್ಲೇ, 14 ಬಿಟ್‌ನ ಐಸಿಯ ಜೊತೆ, ಅದು ಇತ್ತು.

ನಮ್ಮ ಕಡೆ ಇದಕ್ಕಿಂತ ದೊಡ್ಡ ವಿಷಯ ಬಿಸಿಲು ಮತ್ತು ಕರೆಂಟು. ಏಪ್ರಿಲ್, ಮೇನಲ್ಲಿ ಸೊಲ್ಲಾಪುರ 40 ಡಿಗ್ರಿ ದಾಟುತ್ತದೆ. ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳ ಆಯುಸ್ಸು ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆಂಬುದು ಎಲೆಕ್ಟ್ರಾನಿಕ್ಸ್‌ನ ಸಾಮಾನ್ಯ ಲೆಕ್ಕ. ಮೂವತ್ತು ವರ್ಷದ ಪ್ಲೇಯರ್ ಅಂದರೆ ಅವನ್ನು ಬದಲಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು. ಜಪಾನಿನಿಂದ ತರಿಸಿದ್ದು 100 ವೋಲ್ಟಿನದಾಗಿರುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ಟಿಡಿಎ1541ರ ಮುಂದಿನ ರೂಪವಾದ, ಕಿರೀಟದ ಮುದ್ರೆ ಇರುವ ಟಿಡಿಎ1541ಎಗೆ ಬೆಲೆ ಜಾಸ್ತಿಯಾದ್ದರಿಂದ ನಕಲಿ ಮುದ್ರೆಯವೂ ಮಾರುಕಟ್ಟೆಗೆ ಬಂದಿವೆ. ಯುಎಸ್‌ಬಿಯಂತೂ ಹಳೆಯ ಪ್ಲೇಯರ್‌ಗಳಲ್ಲಿ ಇಲ್ಲವೇ ಇಲ್ಲ. ಫೋನಿನ ಹಾಡು ಹಾಕಲು ನಡುವೆ ಇನ್ನೊಂದು ಡಬ್ಬಿ ಬೇಕು.

ಹೊಸದಕ್ಕೂ ಅದರದೇ ತಾಪತ್ರಯಗಳಿವೆ. ಅರ್ಥಿಂಗ್ ಸರಿಯಿಲ್ಲದ ಹಳೇ ವಾಡೆಯಲ್ಲಿ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕೊಟ್ಟರೆ ಚಾರ್ಜರಿನ ಗುಂಯ್ ಎನ್ನುವ ಸದ್ದು ಸ್ಪೀಕರಿಗೇ ಬರಬಹುದು. ಆಪ್ಟಿಕಲ್ ಕೇಬಲ್ ಹಾಕಿದರೆ ಆ ದಾರಿ ಕಡಿಯುತ್ತದೆ. ಕೆಟ್ಟರೆ ರಿಪೇರಿ ಕಷ್ಟ. ಹಳೆಯದರ ಬಿಡಿಭಾಗಗಳನ್ನು ಊರಿನ ರೇಡಿಯೋ ರಿಪೇರಿಯವರು ಬೆಸುಗೆ ಹಾಕಿ ಬದಲಿಸಬಲ್ಲರು. ಹೊಸದರ ಅಕ್ಕಿಕಾಳಿಗಿಂತ ಸಣ್ಣ ಭಾಗಗಳನ್ನು ಹೆಚ್ಚಿನವರು ಮುಟ್ಟುವುದಿಲ್ಲ. ಐಸಿ ಸದಾ ಸಿಗುತ್ತದೆಂಬ ಖಾತ್ರಿಯೂ ಇಲ್ಲ: 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಡ್ಯಾಕ್ ಐಸಿ ಮಾಡುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದು, ಎಷ್ಟೋ ಕಂಪನಿಗಳು ಬೋರ್ಡನ್ನೇ ಬೇರೆ ಐಸಿಗೆ ಹೊಂದಿಸಿ ಮತ್ತೆ ರೂಪಿಸಬೇಕಾಯಿತು.

ನನ್ನ ಒಲವು ಹೀಗೆ. ಮನೆಯಲ್ಲಿ ಈಗಾಗಲೇ ಹಳೆಯ ಒಳ್ಳೆಯ ಪ್ಲೇಯರ್ ನಡೆಯುತ್ತಿದ್ದು, ಕೇಳುವುದು ಸೀಡಿಯನ್ನೇ ಆದರೆ, ಕಂಡೆನ್ಸರು ಬದಲಿಸಿ ಇಟ್ಟುಕೊಳ್ಳಬೇಕು. ಹೊಸದಾಗಿ ಕೊಳ್ಳುವವರು ಹೊಸದನ್ನೇ ತಂದು, ಉಳಿದ ಹಣವನ್ನು ಸ್ಪೀಕರಿಗೆ ಹಾಕಲಿ. ಸ್ಪೀಕರ್ ಬದಲಾದಾಗ ಆಗುವ ವ್ಯತ್ಯಾಸ ಡ್ಯಾಕ್ ಬದಲಾದಾಗ ಆಗುವುದಿಲ್ಲ. 78ರ ತಟ್ಟೆಯಿಂದಲೋ ರೇಡಿಯೋ ಟೇಪಿನಿಂದಲೋ ಸೀಡಿಗೆ ಇಳಿಸಿದ ಹಾಡುಗಳಲ್ಲಿ ಮೂಲದ ಸರಪರ ಸದ್ದೇ ಎರಡೂ ಡ್ಯಾಕ್‌ಗಳ ಗದ್ದಲಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇಷ್ಟಾದರೂ ಮನಸ್ಸು ನಿಲ್ಲದಿದ್ದರೆ ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಜೋಡಿಸಿ ಕೇಳಬಹುದು. ಮೊದಲು 400 ಹರ್ಟ್ಜ್‌ನ ನಾದ ಹಾಕಿ, ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಎರಡರ ಎಸಿ ವೋಲ್ಟೇಜು ಶೇಕಡ 1ರೊಳಗೆ ಒಂದೇ ಆಗುವಂತೆ ವಾಲ್ಯೂಮ್ ಹೊಂದಿಸಬೇಕು. ಇಲ್ಲದಿದ್ದರೆ ತುಸು ಜೋರಾಗಿರುವುದೇ ಚೆಂದ ಕೇಳುತ್ತದೆ. ಆಮೇಲೆ ಮನೆಯವರು ಹೇಳದೆ ಬದಲಿಸುತ್ತ ಹೋಗಲಿ. ಬರೀ ಕಿವಿಯಿಂದ ಗುರುತು ಹಿಡಿಯಲು ಆಗದಿದ್ದರೆ ರಿಪೇರಿಯ ರಗಳೆ ಕಡಿಮೆ ಇರುವುದನ್ನು ಉಳಿಸಿಕೊಳ್ಳಬಹುದು. ಪ್ರತಿ ಸಲವೂ ಹಳೆಯದೇ ಹಿತವೆನಿಸಿದರೆ ಟ್ರಾನ್ಸ್‌ಫಾರ್ಮರ್, ಕಂಡೆನ್ಸರು ಎಂದು ಅದಕ್ಕೆ ಮಾಡುವ ಖರ್ಚಿಗೆ ಬೇರೆ ಸಮರ್ಥನೆ ಬೇಕಿಲ್ಲ.