ಗೋಲ್ಡ್‌ಫಿಶ್ ಮೈಮೇಲಿನ ಗಂಟುಗಳು

ಗಾಜಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಸಾಕಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಮಕ್ಕಳು ಓಡಿಬಂದು, ‘ಮೀನಿನ ಮೈಮೇಲೆ ಏನೋ ಬೆಳೆದಿದೆ’ ಎಂದು ಹೇಳುವುದುಂಟು. ಹಿರಿಯರು ಗಾಬರಿಯಿಂದ ಅಂಗಡಿಗೆ ಹೋಗಿ, ಕೊಟ್ಟ ಔಷಧವನ್ನು ತಂದು ತೊಟ್ಟಿಗೆ ಸುರಿಯುತ್ತಾರೆ. ರೋಗವನ್ನು ಗುರುತಿಸದೆ ಮಾಡುವ ಚಿಕಿತ್ಸೆಯು ರೋಗಕ್ಕಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ಆದುದರಿಂದ ಮೊದಲು ಮಾಡಬೇಕಾದ ಕೆಲಸ ನಿಧಾನವಾಗಿ ನೋಡುವುದು.

ರೋಗವಲ್ಲದ ಬೆಳವಣಿಗೆಗಳೂ ಇವೆ. ಸಂತಾನಕಾಲದಲ್ಲಿ ಗಂಡುಮೀನಿನ ಕಿವಿರುಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಗಳ ಮುಂಚೂಣಿಯಲ್ಲಿಯೂ ಬಿಳಿಯ ಸಣ್ಣ ಗುಳ್ಳೆಗಳು ಸಾಲಾಗಿ ಮೂಡುತ್ತವೆ; ಕಾಲ ಮುಗಿದಂತೆ ತಾವಾಗಿಯೇ ಮರೆಯಾಗುತ್ತವೆ. ಒರಾಂಡಾ, ಲಯನ್‌ಹೆಡ್ ಎಂಬ ತಳಿಗಳ ತಲೆಯ ಮೇಲೆ ಕಾಣುವ ಮಾಂಸಲವಾದ ಮುಕುಟವು ಆ ತಳಿಗಳ ಸಹಜ ಲಕ್ಷಣ. ಅದು ಕಣ್ಣನ್ನು ಮುಚ್ಚುವಷ್ಟು ಬೆಳೆದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು.

ಇನ್ನು ರೋಗಗಳ ವಿಚಾರ. ಉಪ್ಪಿನ ಹರಳು ಉದುರಿಸಿದಂತೆ ಮೈಯೆಲ್ಲ ಬಿಳಿ ಚುಕ್ಕೆಗಳು ಹರಡಿ, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ‘ಇಕ್’ ಎಂಬ ಪರೋಪಜೀವಿಯ ಕಾಟ. ಈ ಜೀವಿ ಚರ್ಮದೊಳಗೆ ಹುದುಗಿರುವಾಗ ಔಷಧವು ತಾಗುವುದಿಲ್ಲ. ಅದು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ನೂರಾರು ಮರಿಗಳಾಗಿ ಒಡೆದು ನೀರಿನಲ್ಲಿ ಈಜುವಾಗ ಮಾತ್ರ ನಾಶವಾಗುತ್ತದೆ. ಆದುದರಿಂದ ಚುಕ್ಕೆಗಳು ಮಾಯವಾದ ಮೇಲೂ ಚಿಕಿತ್ಸೆಯನ್ನು ಮುಂದುವರಿಸಬೇಕು. ನೀರು ತಣ್ಣಗಿದ್ದಷ್ಟೂ ಹೆಚ್ಚು ದಿನ ಬೇಕಾಗುತ್ತದೆ. ಈ ರೋಗಕ್ಕೆ ಬಳಸುವ ಮ್ಯಾಲಕೈಟ್ ಗ್ರೀನ್ ಮನುಷ್ಯರಿಗೂ ವಿಷಕಾರಿ. ಅದನ್ನು ಬರಿಗೈಯಿಂದ ಮುಟ್ಟಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು.

ಗಾಯದ ಮೇಲೆ ಹತ್ತಿಯಂತೆ ಬೆಳೆದಿರುವುದು ಬೂಷ್ಟು. ಕೆಂಪಾದ ಬುಡದಿಂದ ದಾರದ ತುಂಡಿನಂತೆ ಇಳಿಬಿದ್ದಿರುವುದು ಲಂಗರುಹುಳು. ಇದನ್ನು ತಿಳಿದವರು ಚಿಮುಟದಿಂದ ಬುಡಸಮೇತ ಕೀಳಬಹುದು. ಆದರೆ ಅದರ ಮರಿಗಳು ನೀರಿನಲ್ಲಿರುವುದರಿಂದ ಇಡೀ ತೊಟ್ಟಿಗೆ ಚಿಕಿತ್ಸೆ ಅಗತ್ಯ. ಮೇಣದ ಹನಿ ಬಿದ್ದಂತೆ ನುಣುಪಾದ ಗಂಟುಗಳಿದ್ದರೆ ಅದು ‘ಕಾರ್ಪ್ ಪಾಕ್ಸ್’ ಎಂಬ ವೈರಾಣುರೋಗವಾಗಿರಬಹುದು. ಇದಕ್ಕೆ ಔಷಧವಿಲ್ಲ; ನೀರು ಬೆಚ್ಚಗಾದಾಗ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಒಂದೇ ಕಡೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವ ಗಡ್ಡೆಯು ಅರ್ಬುದವಾಗಿರುವ ಸಂಭವವುಂಟು. ನೀರಿಗೆ ಹಾಕುವ ಯಾವ ಔಷಧವೂ ಇದನ್ನು ಕರಗಿಸದು. ಮೀನು ಚೆನ್ನಾಗಿ ತಿಂದು ಈಜುತ್ತಿದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು. ಶಸ್ತ್ರಚಿಕಿತ್ಸೆಯೂ ಅಸಾಧ್ಯವಲ್ಲ. ೨೦೧೪ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ ಡಾ. ಟ್ರಿಸ್ಟನ್ ರಿಚ್ ಅವರು ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್‌ಫಿಶ್‌ನ ತಲೆಯ ಮೇಲಿನ ಗಡ್ಡೆಯನ್ನು ತೆಗೆದರು. ಅರಿವಳಿಕೆ ಬೆರೆಸಿದ ನೀರನ್ನು ಕಿವಿರುಗಳ ಮೇಲೆ ಹರಿಸುತ್ತ ಸುಮಾರು ೪೫ ನಿಮಿಷ ನಡೆದ ಆ ಶಸ್ತ್ರಚಿಕಿತ್ಸೆಯ ಬಳಿಕ ಮೀನು ಚೇತರಿಸಿಕೊಂಡಿತು. ಆದರೆ ಮನೆಯಲ್ಲಿ ಬ್ಲೇಡು, ಸೂಜಿ ಹಿಡಿದು ಗಡ್ಡೆ ಕೀಳುವ ಸಾಹಸ ಸಲ್ಲದು.

ರೋಗ ಯಾವುದಾದರೂ ಮೊದಲ ಮದ್ದು ಶುದ್ಧವಾದ ನೀರು. ಮೀನಿನ ಮಲಮೂತ್ರದಿಂದಲೂ ಉಳಿದ ಆಹಾರದಿಂದಲೂ ಉಂಟಾಗುವ ಅಮೋನಿಯಾ ಅದರ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಾಯಿಸಬೇಕು. ಎಲ್ಲವನ್ನೂ ಒಮ್ಮೆಲೇ ಚೆಲ್ಲಬಾರದು. ನಲ್ಲಿಯ ನೀರನ್ನು ಕ್ಲೋರಿನ್ ನಿವಾರಕ ಬೆರೆಸಿಯೇ ತುಂಬಬೇಕು. ರೋಗದ ಮೀನನ್ನು ಗಾಳಿಯಾಡಿಸುವ ಪಂಪು ಇರುವ ಬೇರೆ ಪಾತ್ರೆಯಲ್ಲಿಟ್ಟು, ಲೀಟರಿಗೆ ೧ರಿಂದ ೩ ಗ್ರಾಂ ಉಪ್ಪನ್ನು ಕರಗಿಸಿ ಹಾಕಿದರೆ ಅನೇಕ ವೇಳೆ ಚೇತರಿಕೆಗೆ ಸಹಾಯವಾಗುತ್ತದೆ. ಹೊಸದಾಗಿ ತಂದ ಮೀನನ್ನೂ ಕೆಲವು ವಾರ ಹೀಗೆಯೇ ಪ್ರತ್ಯೇಕವಾಗಿಟ್ಟು ನೋಡುವುದು ಜಾಣತನ.

ವಾಸಿಯಾಗದ ಮೀನನ್ನು ಊರ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟುಬರುವುದು ದಯೆಯೆಂದು ಕೆಲವರು ಭಾವಿಸುತ್ತಾರೆ. ಅದು ದಯೆಯಲ್ಲ. ಅದರಿಂದ ರೋಗವು ಅಲ್ಲಿನ ಮೀನುಗಳಿಗೆ ಹರಡಬಹುದು. ನಮ್ಮ ನೆಲದ್ದಲ್ಲದ ಈ ಮೀನು ಬದುಕುಳಿದರೂ ಕೆಸರನ್ನು ಕದಡಿ, ಜಲಸಸ್ಯಗಳನ್ನು ಕಿತ್ತು ಕೆರೆಯನ್ನು ಕೆಡಿಸುತ್ತದೆ. ಆಹಾರ ಬಿಟ್ಟು ನರಳುತ್ತಿರುವ ಮೀನಿಗೆ ಅರಿವಳಿಕೆಯಿಂದ ನೋವಿಲ್ಲದ ಅಂತ್ಯವನ್ನು ನೀಡಲು ಪಶುವೈದ್ಯರಿಂದ ಸಾಧ್ಯ. ಮನಸ್ಸಿಗೆ ಕಷ್ಟವೆನಿಸಿದರೂ ಅವರ ಸಲಹೆಯನ್ನು ಕೇಳಬೇಕು. ಮಾತಿಲ್ಲದ ಜೀವವೊಂದನ್ನು ಮನೆಗೆ ತಂದವರ ಹೊಣೆ ಅದರ ಕೊನೆಯುಸಿರಿನವರೆಗೂ ಇರುತ್ತದೆ.