ಔಷಧಿಗಿಂತ ಮೊದಲು ಒಂದು ಸೂರು

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಮುತ್ತಲಿನ ಫುಟ್‌ಪಾತುಗಳಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಗಂಟುಮೂಟೆಗಳೊಡನೆ ಕುಳಿತ ಕುಟುಂಬಗಳನ್ನು ಕಾಣದ ಮುಂಬಯಿಗರು ವಿರಳ. ಅವಸರದಲ್ಲಿ ಹಾದುಹೋಗುವವರು ಅವರನ್ನು ಭಿಕ್ಷುಕರೆಂದೋ ಅಲೆಮಾರಿಗಳೆಂದೋ ಭಾವಿಸುವುದುಂಟು. ವಾಸ್ತವದಲ್ಲಿ ಅವರಲ್ಲಿ ಬಹುಮಂದಿ ತಮ್ಮ ಊರಿನಲ್ಲಿ ಮನೆಯುಳ್ಳವರು, ದುಡಿದು ಉಣ್ಣುವವರು. ಮನೆಯವರಲ್ಲೊಬ್ಬರಿಗೆ, ಎಷ್ಟೋ ವೇಳೆ ಎಳೆಯ ಮಗುವಿಗೆ, ಕ್ಯಾನ್ಸರ್ ಎಂದು ತಿಳಿದ ದಿನವೇ ಅವರ ಬದುಕಿನ ಬುಡ ಅಲುಗಾಡಿತು. ಬಿಹಾರ, ಬಂಗಾಳಗಳಿಂದ ಬಂದವರಂತೆಯೇ ಕಲಬುರಗಿ, ಬೀದರ, ವಿಜಯಪುರಗಳ ಕಡೆಯಿಂದ ಬಂದ ಕನ್ನಡಿಗರೂ ಅಲ್ಲಿರುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಸೇವೆ ಸಲ್ಲಿಸುತ್ತಿದ್ದರೂ, ಆ ಭಾಗದ ಜನರಿಗೆ ಮುಂಬಯಿಯ ರೈಲೇ ಹೆಚ್ಚು ಪರಿಚಿತವಾದ ದಾರಿ.

ಈ ಆಸ್ಪತ್ರೆಯ ಹುಟ್ಟಿನಲ್ಲಿ ಕನ್ನಡ ನಾಡಿನ ಎಳೆಯೊಂದು ಸೇರಿಕೊಂಡಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹರ್‌ಬಾಯಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಎಚ್. ಜೆ. ಭಾಭಾ ಅವರ ಮಗಳು. ಬೆಂಗಳೂರಿನಲ್ಲಿ ಓದಿ ಬೆಳೆದವರು. 1931ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ನಿಧನರಾದರು. ಅವರು ಬಿಟ್ಟುಹೋದ ನಿಧಿಯಿಂದ 1941ರ ಫೆಬ್ರವರಿ 28ರಂದು ಪರೇಲಿನ ಆಸ್ಪತ್ರೆ ತೆರೆಯಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಸೇರಿದಾಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಮೆಹರ್‌ಬಾಯಿಯವರ ಸೋದರನ ಮಗ ಹೋಮಿ ಭಾಭಾ. ಅಂದು ದೇಶದ ಅತ್ಯಂತ ಸಿರಿವಂತ ಮನೆತನಗಳಲ್ಲೊಂದು ತನ್ನ ಸೊಸೆಯನ್ನು ರಕ್ತದ ಕ್ಯಾನ್ಸರಿನಿಂದ ಉಳಿಸಿಕೊಳ್ಳಲಾರದೆ ಹೋಯಿತು. ಇಂದು ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ರಕ್ತದ ಕ್ಯಾನ್ಸರ್ ಸರಿಯಾದ ಚಿಕಿತ್ಸೆಯಿಂದ ವಾಸಿಯಾಗುವ ರೋಗ. ಶ್ರೀಮಂತ ರಾಷ್ಟ್ರಗಳಲ್ಲಿ ಈ ರೋಗಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

ಹಾಗಿದ್ದೂ ಬಡ ದೇಶಗಳಲ್ಲಿ ಮಕ್ಕಳು ಸಾಯುತ್ತಿರುವುದೇಕೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ತಗಲುತ್ತದೆ. ಸಿರಿವಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣ ಹೊಂದಿದರೆ, ಅನೇಕ ಬಡ ದೇಶಗಳಲ್ಲಿ ಆ ಸಂಖ್ಯೆ 30ನ್ನೂ ಮುಟ್ಟುವುದಿಲ್ಲ. ರೋಗವನ್ನು ತಡವಾಗಿ ಗುರುತಿಸುವುದು ಇದಕ್ಕೊಂದು ಕಾರಣ. ಬಿಡದ ಜ್ವರ, ಮೈ ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ಮೂಳೆನೋವು, ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪು - ಇವನ್ನು ಕಂಡ ತಂದೆತಾಯಿ ದೃಷ್ಟಿ ತೆಗೆಯುತ್ತ ಕಾಲ ಕಳೆಯಬಾರದು. ಇನ್ನೊಂದು ಕಾರಣ ಇದಕ್ಕಿಂತ ಹೆಚ್ಚು ದುಃಖದ್ದು: ಆರಂಭವಾದ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುವುದು.

ಅಫಜಲಪುರದ ಕಡೆಯ ಒಬ್ಬ ಕೃಷಿಕಾರ್ಮಿಕನ ಸ್ಥಿತಿಯನ್ನು ಊಹಿಸಿಕೊಂಡರೆ ಸಾಕು. ಮಗನಿಗೆ ಎರಡು ಎರಡೂವರೆ ವರ್ಷಗಳ ಚಿಕಿತ್ಸೆ ಬೇಕು. ಅದರಲ್ಲಿ ಮೊದಲ ಹಲವು ತಿಂಗಳು ಆಸ್ಪತ್ರೆಯ ಸಮೀಪದಲ್ಲಿಯೇ ಇರಬೇಕು ಎಂದು ವೈದ್ಯರು ಹೇಳುತ್ತಾರೆ. ಔಷಧಿಯ ವೆಚ್ಚವನ್ನು ಆಸ್ಪತ್ರೆಯೋ ಸರಕಾರದ ಯೋಜನೆಯೋ ಧರ್ಮಸಂಸ್ಥೆಯೋ ಹೇಗಾದರೂ ತುಂಬಿಕೊಡಬಹುದು. ಆದರೆ ಇರುವುದೆಲ್ಲಿ? ಉಣ್ಣುವುದೇನು? ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಉಳಿದ ಮಕ್ಕಳ ಗತಿಯೇನು? ಕೂಲಿ ನಿಂತುಹೋಗಿದೆ, ಎತ್ತು ಮಾರಿಯಾಗಿದೆ, ಸಾಲದ ಬಡ್ಡಿ ಬೆಳೆಯುತ್ತಿದೆ. ಇತ್ತ ಚಿಕಿತ್ಸೆಯಿಂದ ಮಗುವಿನ ರಕ್ತದಲ್ಲಿ ಬಿಳಿಯ ಕಣಗಳು ಕುಸಿದು, ಸೋಂಕನ್ನು ತಡೆಯುವ ಬಲವೇ ಉಡುಗಿರುತ್ತದೆ. ಅಂಥ ಮಗುವನ್ನು ಫುಟ್‌ಪಾತಿನ ಧೂಳಿನಲ್ಲಿ ಮಲಗಿಸಿ, ಎಲ್ಲಿಯದೋ ನೀರು ಕುಡಿಸಿದರೆ, ಕ್ಯಾನ್ಸರಿಗೆ ಬಗ್ಗದ ಪ್ರಾಣ ಬೇಧಿಗೋ ನ್ಯುಮೋನಿಯಾಕ್ಕೋ ಬಲಿಯಾಗುತ್ತದೆ. ಮೂರು ತಿಂಗಳ ಬಳಿಕ ಮಗು ಕೊಂಚ ಗೆಲುವಾದಂತೆ ಕಂಡಾಗ ತಂದೆ ಊರಿನ ರೈಲು ಹತ್ತಿದರೆ ಅವನನ್ನು ಅಜ್ಞಾನಿಯೆಂದು ಹಳಿಯುವುದು ಸುಲಭ. ಅವನ ಲೆಕ್ಕದಲ್ಲಿ ಮನೆಯ ಉಳಿದ ನಾಲ್ಕು ಹೊಟ್ಟೆಗಳೂ ಇರುತ್ತವೆ.

ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗದವರು ಇದನ್ನು ಮನಗಂಡರು. 2009ರ ಸುಮಾರಿಗೆ ಅಲ್ಲಿಗೆ ಬಂದ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ 20 ಮಕ್ಕಳ ಚಿಕಿತ್ಸೆ ಹೀಗೆ ಅರ್ಧದಲ್ಲಿ ನಿಲ್ಲುತ್ತಿತ್ತು. ಹಣ, ವಸತಿ, ಆಹಾರ, ರಕ್ತ, ಸಾಂತ್ವನ - ಇವೆಲ್ಲವನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಿ, ‘ಇಂಪ್ಯಾಕ್ಟ್’ ಎಂಬ ಸಂಸ್ಥೆಯ ಮೂಲಕ ಒದಗಿಸತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಆ ಪ್ರಮಾಣ ನೂರಕ್ಕೆ 5ರ ಆಸುಪಾಸಿಗೆ ಇಳಿಯಿತು. ಇದು ಯಾವುದೋ ಹೊಸ ಔಷಧಿಯಿಂದ ಬಂದ ಫಲವಲ್ಲ.

ವಸತಿಯ ವಿಷಯದಲ್ಲಿ ಮುಂಬಯಿಗೆ ಹಳೆಯ ಪರಂಪರೆಯೇ ಇದೆ. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಬಹುಕಾಲದಿಂದ ಕ್ಯಾನ್ಸರ್ ರೋಗಿಗಳಿಗೆ ನೆರಳಾಗಿದೆ. ಮಕ್ಕಳಿಗೆಂದೇ ಮೀಸಲಾದ ಪ್ರಯತ್ನ 2006ರಲ್ಲಿ ಲೋವರ್ ಪರೇಲಿನಲ್ಲಿ, ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿಗಳ ಮುಂದಾಳತ್ವದಲ್ಲಿ, ಎಂಟು ಕುಟುಂಬಗಳ ಒಂದು ಸಣ್ಣ ಕೇಂದ್ರವಾಗಿ ಆರಂಭವಾಯಿತು. ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಆ ಸಂಸ್ಥೆ ಇಂದು ಕಾಟನ್ ಗ್ರೀನಿನ ಬಂದರು ಮಂಡಳಿಯ ಹಳೆಯ ಕಟ್ಟಡಗಳಲ್ಲಿಯೂ, ಖಾರಘರದಲ್ಲಿಯೂ, ದೇಶದ ಬೇರೆ ನಗರಗಳಲ್ಲಿಯೂ ಕೇಂದ್ರಗಳನ್ನು ನಡೆಸುತ್ತಿದೆ. ಅಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಆದ ಜಾಗ. ಸಾಮೂಹಿಕ ಅಡುಗೆಮನೆಯಲ್ಲಿ ತನ್ನದೇ ಒಲೆ. ಅಕ್ಕಿ ಬೇಳೆ ದೊರೆಯುತ್ತದೆ. ತಾಯಿ ತನ್ನ ಮಗುವಿಗೆ ತನ್ನ ಕೈಯಡುಗೆಯನ್ನೇ ಉಣಿಸುತ್ತಾಳೆ. ಆಸ್ಪತ್ರೆಗೆ ಹೋಗಿಬರಲು ವಾಹನ, ಮಕ್ಕಳಿಗೆ ಪಾಠ, ದೊಡ್ಡವರಿಗೆ ಧೈರ್ಯದ ಮಾತು ಎಲ್ಲವೂ ಉಂಟು. ಇದಾವುದಕ್ಕೂ ಶುಲ್ಕವಿಲ್ಲ. ಉಚಿತವಾಗಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ಆ ಅಡುಗೆಮನೆಯನ್ನೊಮ್ಮೆ ನೋಡಬೇಕು. ಕೈಯಲ್ಲಿ ಸೌಟು ಹಿಡಿದ ತಾಯಿ ದಾನ ಪಡೆದವಳಂತೆ ತೋರುವುದಿಲ್ಲ.

ಮುಂಬಯಿ ಕನ್ನಡಿಗರಿಗೆ ಈ ಬಗೆಯ ನೆರವು ಹೊಸತಲ್ಲ. ಕರಾವಳಿಯಿಂದ ಬರಿಗೈಯಲ್ಲಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಅಂದಿನ ಹಿರಿಯರು ಬರಿಯ ಚಿಲ್ಲರೆ ಕಾಸನ್ನು ಕೊಟ್ಟು ಸುಮ್ಮನಾಗಲಿಲ್ಲ. ಆ ಹುಡುಗರಿಗೆ ಹಗಲು ಬಿಡುವಿಲ್ಲವೆಂಬುದನ್ನು ಅರಿತು ಶಾಲೆಯನ್ನೇ ರಾತ್ರಿಗೆ ತಂದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕಳೆದ ಶತಮಾನದ ಮೊದಲ ದಶಕಗಳಲ್ಲಿಯೇ ಇಂಥ ರಾತ್ರಿಶಾಲೆಗಳಿಗೆ ಕೈಹಾಕಿದವು. ಅಲ್ಲಿ ಕಲಿತವರಿಂದ ವಕೀಲರು, ಬ್ಯಾಂಕು ಅಧಿಕಾರಿಗಳು, ಹೋಟೆಲುಗಳ ಮಾಲಿಕರು ಆದರು. ಇಂದಿನ ಎಷ್ಟೋ ಸಂಘಗಳ ಪದಾಧಿಕಾರಿಗಳೂ ಆದರು. ನೆರವು ಪಡೆಯುವವನ ದಿನಚರಿಯನ್ನು ಬಲ್ಲವನಿಗೆ ಮಾತ್ರ ಹೊಳೆಯುವ ಉಪಾಯವದು.

ಈಚೆಗೆ ಸಂಘಗಳ ಔದಾರ್ಯ ಬೇರೊಂದು ದಾರಿ ಹಿಡಿದಿದೆಯೆನ್ನದೆ ವಿಧಿಯಿಲ್ಲ. ವಾರ್ಷಿಕೋತ್ಸವದಂದು ವೇದಿಕೆಗೆ ಕರೆದು ಕೊಡುವ ನೋಟ್‌ಬುಕ್ಕು, ಶಾಲು, ಚೆಕ್ಕು, ಛಾಯಾಚಿತ್ರ. ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸಿ ಬೆಳಕನ್ನೇ ಕಡಿಮೆ ಮಾಡುವ ದೇವಸ್ಥಾನಗಳ ಪದ್ಧತಿಗೂ ಇದಕ್ಕೂ ದೂರವೇನಿಲ್ಲ. ನೋಟ್‌ಬುಕ್ಕು ಬೇಡವೆಂದಲ್ಲ. ಆದರೆ ಒಮ್ಮೆ ಕೊಟ್ಟು ಮರೆಯುವ ಹತ್ತು ಸಾವಿರಕ್ಕಿಂತ, ಒಂದು ಕುಟುಂಬದ ಬಾಡಿಗೆ ಮತ್ತು ರೇಶನನ್ನು ಚಿಕಿತ್ಸೆ ಮುಗಿಯುವವರೆಗೂ ತಿಂಗಳು ತಿಂಗಳು ಹೊರುವ ಸಂಘ ಒಂದು ಜೀವವನ್ನು ಪೂರ್ತಿ ದಡ ಸೇರಿಸುತ್ತದೆ.

ಹಣವಿಲ್ಲದ ಸಂಘವೂ ಮಾಡಬಹುದಾದ ಕೆಲಸವೊಂದಿದೆ. ಹೊರರೋಗಿಗಳ ವಿಭಾಗದಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್‌ಗಳ ನಡುವೆ ಕನ್ನಡವೊಂದನ್ನೇ ಬಲ್ಲ ತಾಯಿ ತಲೆಯಾಡಿಸುತ್ತಾಳೆ. ವೈದ್ಯರು ಅದನ್ನು ಒಪ್ಪಿಗೆಯೆಂದು ತಿಳಿಯುತ್ತಾರೆ. ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ, ಎಷ್ಟು ಜ್ವರ ಬಂದರೆ ತಡಮಾಡದೆ ಓಡಿಬರಬೇಕು ಎಂಬುದು ಅವಳಿಗೆ ತಿಳಿದಿರುವುದಿಲ್ಲ. ನಿವೃತ್ತರಾದ ಕನ್ನಡ ಶಿಕ್ಷಕರು, ದಾದಿಯರು, ಬ್ಯಾಂಕು ನೌಕರರು ಮಾತುಂಗಾ, ಡೊಂಬಿವಲಿ, ಮುಲುಂಡ್, ಥಾಣೆಗಳಲ್ಲಿ ನೂರಾರು ಮಂದಿ ಇದ್ದಾರೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದ ಅನುಮತಿ ಪಡೆದು, ಸರದಿಯಂತೆ ವಾರಕ್ಕೆ ಎರಡು ಬೆಳಗು ಅಲ್ಲಿ ಕುಳಿತರೂ ಸಾಕು.

ಮಗು ಗುಣವಾಗಿ ಊರಿಗೆ ಮರಳಿದ ಮೇಲೂ ಕೆಲವು ಕೆಲಸ ಉಳಿಯುತ್ತದೆ. ಕೂದಲುದುರಿದ ತಲೆಯನ್ನು ಕಂಡು, ರೋಗ ಅಂಟೀತೆಂದು ಹೆದರಿ, ಜೊತೆಯ ಮಕ್ಕಳನ್ನು ದೂರ ಕೂರಿಸುವ ಊರುಗಳು ಇಂದಿಗೂ ಇವೆ. ಕ್ಯಾನ್ಸರ್ ಅಂಟುರೋಗವಲ್ಲ, ಈ ಮಗು ಎಲ್ಲರೊಡನೆ ಕುಳಿತು ಓದಬಹುದು, ಉಣ್ಣಬಹುದು, ತಪಾಸಣೆಗೆ ಗೊತ್ತಾದ ದಿನ ರಜೆ ಕೊಡಬೇಕು - ಇಷ್ಟನ್ನು ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಚ್ಚಗನ್ನಡದಲ್ಲಿ ಒಂದು ಪತ್ರವಾಗಿ ಬರೆದು, ವೈದ್ಯರ ಸಹಿ ಹಾಕಿಸಿ, ರೈಲು ಹತ್ತುವ ಮುನ್ನ ಆ ತಂದೆಯ ಕೈಗೆ ಕೊಡಲು ಒಬ್ಬರು ಬೇಕು.